ಕೈಯಲ್ಲಿ ಎಲೆ ಹಿಡಿದು ಕೇಳು

ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರು ಕೊನೆಯ ವರ್ಷದ ಹುಡುಗ ಹುಡುಗಿಯರನ್ನು ಹಳ್ಳಿ ವಾಸಕ್ಕೆ ಕಳಿಸುತ್ತಾರಂತೆ. ನಿನ್ನ ಪಾಲಿಗೆ ಮಾನ್ವಿ ಕಡೆಯ ಕಾಲುವೆ ಕೆಳಗಿನ ಕ್ಯಾಂಪು ಬಂದಿದೆ ಎಂದು ನಿಮ್ಮಪ್ಪ ಹೇಳಿದ. ಬಹಳ ಚಲೋ ಆತವ್ವಾ. ಜಾಲಹಳ್ಳಿಯಲ್ಲಿ ಹುಟ್ಟಿ ಬೆಳೆದವಳಿಗೆ ಕನ್ನಡ, ತೆಲುಗು, ಉರ್ದು, ತಾಂಡಾದ ಮಾತು ಯಾವುದೂ ಕಿವಿಗೆ ಹೊಸದಲ್ಲ. ಆದರೆ ಒಂದು ಭಾಷೆ ಕಿವಿಗೆ ಗೊತ್ತಿರುವುದು ಬೇರೆ, ಆ ಭಾಷೆಯ ರೈತ ತನ್ನ ಹೊಲದ ಗಿಡವನ್ನೂ ಹುಳವನ್ನೂ ಏನೆಂದು ಕರೆಯುತ್ತಾನೆ ಎಂಬುದು ಗೊತ್ತಿರುವುದು ಬೇರೆ. ಬೀಜ-ಗೊಬ್ಬರದ ಅಂಗಡಿಯ ಗಲ್ಲಾದ ಮುಂದೆ ಕೂತೇ ನನ್ನ ವಯಸ್ಸು ಕಳೆಯಿತು. ಅಲ್ಲಿ ಕೂತು ತಿಳಿದುಕೊಂಡದ್ದರಲ್ಲಿ ಒಂದಷ್ಟನ್ನು ನೀನು ಪೆಟ್ಟಿಗೆ ಕಟ್ಟುವ ಮೊದಲು ಹೇಳಿಬಿಡುತ್ತೇನೆ.

ನಾರಾಯಣಪುರ ಬಲದಂಡೆ ಕಾಲುವೆಗೆ ನೀರು ಬಂದ ಮೇಲೆ ದೇವದುರ್ಗ ತಾಲ್ಲೂಕಿನ ಎರಿ ಹೊಲಗಳನ್ನು ಲಾವಣಿ ಹಿಡಿಯಲು ತೆಲುಗು ರೈತರು ಬಂದರು. ಅದಕ್ಕಿಂತ ಮುಂಚೆಯೇ ತುಂಗಭದ್ರೆಯ ಎಡದಂಡೆಯಲ್ಲಿ, ಮಾನ್ವಿ ಸಿಂಧನೂರಿನಲ್ಲಿ, ಅವರ ಕ್ಯಾಂಪುಗಳು ಎದ್ದಿದ್ದವು. ಇಂಥವರಲ್ಲೊಬ್ಬ ನಿನ್ನ ಮುಂದೆ ನಿಂತು ‘ಶನಗಲು’ ಎಂದರೆ ನೀನು ಶೇಂಗಾ ಎಂದುಕೊಳ್ಳುತ್ತೀ. ಕಿವಿ ಹಾಗೆಯೇ ಮಾಡುತ್ತದೆ. ಅವನು ಹೇಳಿದ್ದು ಕಡಲೆ. ಶೇಂಗಾಕ್ಕೆ ಅವನ ಮಾತಿನಲ್ಲಿ ವೇರುಶನಗ, ಅಂದರೆ ಬೇರಿನ ಕಡಲೆ. ಇನ್ನು ಬೆಂಗಳೂರಿನಿಂದ ಬಂದ ನಿನ್ನ ಗೆಳತಿ ಕಡಲೆಕಾಯಿ ಎಂದರೆ ಅದು ನಮ್ಮ ಶೇಂಗಾ. ಉರ್ದುವಿನವರಿಗೆ ಅದೇ ಮೂಂಗ್‌ಫಲಿ, ಹೆಸರು ಕಾಳಿನ ಕಾಯಿ. ಯಾಕೆ ಹೀಗೆ ಎಂದು ನೀನೇ ಯೋಚಿಸು. ಶೇಂಗಾ ದಕ್ಷಿಣ ಅಮೆರಿಕದಿಂದ ಬಂದ ಬೆಳೆ, ಇಲ್ಲಿಯ ಯಾವ ಭಾಷೆಯಲ್ಲೂ ಅದಕ್ಕೆ ಹುಟ್ಟು ಹೆಸರಿಲ್ಲ. ಬಂದ ಹೊಸಬನನ್ನು ಒಬ್ಬರು ಕಡಲೆಯ ತಮ್ಮ ಎಂದರು, ಇನ್ನೊಬ್ಬರು ಹೆಸರಿನ ಅಣ್ಣ ಎಂದರು.

ಇದು ಬರೀ ತಮಾಷೆಯ ಮಾತಾಗಿದ್ದರೆ ನಾನು ಹೇಳುತ್ತಿರಲಿಲ್ಲ. ತೊಗರಿಯ ಕಾಯಿ ಕೊರೆಯುವ ಹಸಿರು ಕೀಡಿಯನ್ನು ನೋಡಿದ್ದೀಯಲ್ಲ, ಗಿಡ ಜಾಡಿಸಿ ಉದುರಿಸಿದರೆ ಬುಟ್ಟಿಗಟ್ಟಲೆ ಬೀಳುತ್ತಿತ್ತು. ನಿಮ್ಮ ಪುಸ್ತಕದಲ್ಲಿ ಹೆಲಿಕೋವರ್ಪಾ, ಇಲಾಖೆಯ ಹಾಳೆಯಲ್ಲಿ ಕಾಯಿಕೊರಕ. ತೆಲುಗಿನಲ್ಲಿ ಶನಗಪಚ್ಚ ಪುರುಗು. ಆ ಹುಳು ಕಡಲೆ, ಹತ್ತಿ, ತೊಗರಿ, ಟೊಮೆಟೊ ಯಾವುದನ್ನೂ ಬಿಡುವುದಿಲ್ಲ, ಆದರೆ ಹೆಸರು ಮಾತ್ರ ಕಡಲೆಗೆ ಅಂಟಿಕೊಂಡಿದೆ. ಹತ್ತಿ ಹೊಲದವನು ಬಂದು ಶನಗಪಚ್ಚ ಪುರುಗಿಗೆ ಎಣ್ಣೆ ಕೊಡಿ ಎಂದಾಗ ಗಲ್ಲಾದಲ್ಲಿ ಕೂತ ಹೊಸ ಹುಡುಗ ಶೇಂಗಾದ ಹುಳು ಎಂದುಕೊಂಡು ಬೇರೆ ಡಬ್ಬಿ ತೆಗೆದರೆ ಏನಾಗುತ್ತದೆ? ಎಣ್ಣೆಯ ದುಡ್ಡು ಹೋಗುತ್ತದೆ, ಹೊಡೆಯುವ ಆಳಿನ ಕೂಲಿ ಹೋಗುತ್ತದೆ, ಅಷ್ಟರಲ್ಲಿ ಹುಳು ಕಾಯಿಯ ಒಳಗೆ ಸೇರಿಕೊಂಡಿರುತ್ತದೆ. ಒಂಚೂರೂ ಗೊತ್ತಿಲ್ಲದ ಹೆಸರು ಯಾವತ್ತೂ ಇಷ್ಟು ಕೆಡಿಸುವುದಿಲ್ಲ. ಗೊತ್ತಿಲ್ಲದಿದ್ದರೆ ಮನುಷ್ಯ ಕೇಳುತ್ತಾನೆ. ಅರ್ಧ ಗೊತ್ತಿರುವ ಹೆಸರು ಕೇಳಲು ಬಿಡುವುದಿಲ್ಲ.

ಬೀಜದ ವಿಷಯದಲ್ಲೂ ಹಾಗೆಯೇ. ಈಗ ಸಿರಿಧಾನ್ಯಕ್ಕೆ ಬೆಲೆ ಬಂದಿದೆ, 2023 ಅನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯಗಳ ವರ್ಷ ಎಂದು ಸಾರಿತು. ತೆಲುಗರ ‘ಕೊರ್ರ’ ನಮ್ಮ ನವಣೆ. ತುಮಕೂರು ಕಡೆಯ ಕನ್ನಡದವರ ‘ಕೊರಲೆ’ ಬೇರೆಯೇ ಕಾಳು, ಅದಕ್ಕೆ ತೆಲುಗಿನಲ್ಲಿ ಅಂಡುಕೊರ್ರ. ಹೆಸರು ಅಕ್ಕಪಕ್ಕ, ಬೆಳೆ ಬೇರೆ ಬೇರೆ. ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡದೆ ಯಾರ ಬೀಜವನ್ನೂ ಯಾರಿಗೂ ಹೆಸರು ನಂಬಿ ಹೇಳಬೇಡ.

ನೀನು ಜಾಣೆ, ಬೇಗ ಒಂದು ಕೀಲಿಕೈ ಹುಡುಕಿಕೊಳ್ಳುತ್ತೀ ಎಂದು ನನಗೆ ಗೊತ್ತು. ತೆಲುಗಿನ ಪಕಾರ ನಮ್ಮಲ್ಲಿ ಹಕಾರ ಎಂಬ ಕೀಲಿಕೈ. ಪುಲಿ ಹುಲಿ, ಪಾಮು ಹಾವು, ಪಂದಿ ಹಂದಿ, ಪತ್ತಿ ಹತ್ತಿ, ಪೂವು ಹೂವು, ಪುರುಗು ಹುಳು. ಹಳಗನ್ನಡದಲ್ಲಿ ನಾವೂ ಪಕಾರವನ್ನೇ ಆಡುತ್ತಿದ್ದೆವು, ಆಮೇಲೆ ಅದು ಸವೆದು ಹಕಾರವಾಯಿತು, ತೆಲುಗು ತಮಿಳಿನವರು ಇಟ್ಟುಕೊಂಡರು. ಈ ಕೀಲಿಕೈ ಬಹಳ ಬಾಗಿಲು ತೆಗೆಯುತ್ತದೆ, ಇಟ್ಟುಕೋ. ಆದರೆ ತೆಲಂಗಾಣದವನು ಪಲ್ಲಿ ಚಟ್ನಿ ಎಂದಾಗ ಅದನ್ನು ತಿರುವಬೇಡ, ಹಲ್ಲಿ ಚಟ್ನಿಯಾದೀತು. ಅವರ ಪಲ್ಲಿ ಎಂದರೆ ಮತ್ತೆ ಅದೇ ಶೇಂಗಾ. ಹಲ್ಲಿಗೆ ಅವರು ಬಲ್ಲಿ ಎನ್ನುತ್ತಾರೆ. ಹಾಗೆಯೇ ತೆಲುಗಿನ ‘ಆವು’ ಆಕಳು. ಹಳೆ ಮೈಸೂರಿನ ಕಡೆ ಹಕಾರ ನುಂಗಿ ಮಾತಾಡುವವರ ಬಾಯಲ್ಲಿ ಆವು ಎಂದರೆ ಹಾವು. ಕೊಟ್ಟಿಗೆಯಲ್ಲಿ ಆವು ಇದೆ ಎಂದು ಯಾರಾದರೂ ಕೂಗಿದರೆ ಮೊದಲು ಅವರ ಊರು ಯಾವುದು ಕೇಳಿ ಆಮೇಲೆ ಓಡು! ಮರಾಠಿಯವನು ‘ಹತ್ತಿ’ ಎಂದರೆ ಆನೆ. ನಮ್ಮ ರಾಯಚೂರಿನ ಮಾರುಕಟ್ಟೆಗೆ ಬರುವ ಹತ್ತಿಯ ಅಂಡಿಗೆಗಳನ್ನು ಅವನ ಮಾತಿನಲ್ಲಿ ಲೆಕ್ಕ ಹಾಕಿದರೆ ಏನು ಚೆಂದ ಇರುತ್ತದೆ ನೋಡು.

ಹಾಗಾದರೆ ಕಲಿಯುವುದು ಹೇಗೆ? ನಾಲ್ಕು ಸಾಲು ಹೊಡೆದು ಕನ್ನಡ, ತೆಲುಗು, ಉರ್ದು, ಇಂಗ್ಲಿಷು ಎಂದು ಪಟ್ಟಿ ಬರೆದು ಬಾಯಿಪಾಠ ಮಾಡುವ ಅಭ್ಯಾಸ ನಿಮ್ಮ ಕಾಲೇಜಿನದು. ನನಗೆ ಅದರಲ್ಲಿ ನಂಬಿಕೆ ಇಲ್ಲ. ಪಟ್ಟಿಯಲ್ಲಿ ಹೆಸರಿನ ಎದುರು ಹೆಸರು ಇರುತ್ತದೆ, ಗಿಡ ಇರುವುದಿಲ್ಲ. ನೀನು ಗಿಡವನ್ನೇ ಒಯ್ಯಿ. ಒಂದು ರೆಂಬೆ ಮುರಿದುಕೋ, ಎಲೆ, ಹೂವು, ಸಿಕ್ಕರೆ ಕಾಯಿ, ಮೂರೂ ಇರಲಿ. ಹೋಗಿ ಕೇಳುವಾಗ ‘ಇದು ಲಕ್ಕಿ ಗಿಡ ಅಲ್ಲವಾ?’ ಎಂದು ಕೇಳಬೇಡ. ಓದಿದ ಹುಡುಗಿ ಕೇಳುತ್ತಿದ್ದಾಳೆ, ಇಲ್ಲ ಎಂದರೆ ಬೇಜಾರಾದಾಳು ಎಂದು ಮಂದಿ ಹೂಂ ಅಂದುಬಿಡುತ್ತಾರೆ. ಅದು ನಮ್ಮ ನಾಡಿನ ಮರ್ಯಾದೆ, ಆ ಮರ್ಯಾದೆಯಿಂದ ತಪ್ಪು ಹೆಸರು ಕಾಗದದ ಮೇಲೆ ಕೂತುಬಿಡುತ್ತದೆ. ಗಿಡ ಮುಂದೆ ಹಿಡಿದು ಹೆಸರು ಬಿಟ್ಟು ಕೇಳು. ನಮ್ಮವರಿಗೆ ‘ಇದಕ್ಕ ಏನಂತೀರಿ ಯಕ್ಕಾ?’ ಕ್ಯಾಂಪಿನಲ್ಲಿ ‘ದೀನ್ನಿ ಏಮಂಟಾರಂಡಿ?’ ದಖನಿ ಮಾತಾಡುವ ಮನೆಯಲ್ಲಿ ‘ಇಸ್ಕು ಕ್ಯಾ ಬೋಲ್ತೆ ಖಾಲಾ?’ ಮೂರು ಮಾತು ಸಾಕು. ತಾಂಡಾದಲ್ಲಿ ಅದೂ ಬೇಡ, ಹೆಂಗಸರ ನಡುವೆ ಒಂದು ರೆಂಬೆ ಹಿಡಿದು ಕೂತರೆ ಅವರೇ ಕೇಳಿ, ಅವರೇ ಹೇಳುತ್ತಾರೆ. ಅವರ ಮಾತು ರಾಜಸ್ಥಾನದ ಕಡೆಯ ಬಳಗದ್ದು, ಅದರಲ್ಲಿಯ ಹೆಸರುಗಳು ನಿನ್ನ ಕನ್ನಡಕ್ಕಿಂತ ಉರ್ದು ಮರಾಠಿಗೆ ಹತ್ತಿರ. ಹೆಸರು ಹೇಳಿದ ಮೇಲೆ ಎದ್ದು ಬರಬೇಡ. ಇದನ್ನು ದನ ತಿನ್ನುತ್ತದಾ, ಮನುಷ್ಯರು ತಿನ್ನುತ್ತಾರಾ, ಯಾವ ತಿಂಗಳಲ್ಲಿ ಹೂವಾಗುತ್ತದೆ ಎಂದು ಕೇಳು. ಉತ್ತರ ತಾಳೆಯಾದರೆ ಹೆಸರು ಸರಿ. ತಾಳೆಯಾಗದಿದ್ದರೆ ಹೆಸರೂ ಅನುಮಾನ. ಕುರಿ ಕಾಯುವವರನ್ನು ಮಾತ್ರ ಮರೆಯಬೇಡ. ಕೆಂಗುರಿಯ ಹಿಂಡು ಹೊಡೆದುಕೊಂಡು ಲಿಂಗಸುಗೂರು, ಸಿಂಧನೂರು, ಗಂಗಾವತಿ ತಿರುಗುವವರಿಗೆ ಯಾವ ಎಲೆ ತಿಂದರೆ ಕುರಿ ಹೊಟ್ಟೆ ಉಬ್ಬುತ್ತದೆ ಎಂಬುದರ ಸಮೇತ ಹೆಸರು ಗೊತ್ತಿರುತ್ತದೆ.

ಮೊಬೈಲಿನಲ್ಲಿ ಫೋಟೊ ತೆಗೆದರೆ ಹೆಸರು ಬರುತ್ತದಲ್ಲ ಅಜ್ಜಾ ಎನ್ನುತ್ತೀ. ಬರಲಿ. ಅದು ಎಲೆ ಹಿಸುಕಿ ಮೂಸಿ ನೋಡುವುದಿಲ್ಲ.

ಇನ್ನೊಂದು ಮಾತು. ತೆಲುಗು ಎಂದರೆ ಒಂದೇ ತೆಲುಗು ಎಂದುಕೊಳ್ಳಬೇಡ. ನಮ್ಮ ಪುಂಡಿ ಪಲ್ಯಕ್ಕೆ ಕರಾವಳಿ ಆಂಧ್ರದವರು ಗೋಂಗೂರ ಎನ್ನುತ್ತಾರೆ. ತೆಲಂಗಾಣದವರು ಪುಂಟಿಕೂರ ಎನ್ನುತ್ತಾರೆ. ಪುಂಡಿ, ಪುಂಟಿ, ಎಷ್ಟು ಹತ್ತಿರ ನೋಡು! ಹೈದರಾಬಾದಿನ ಉರ್ದು ಮನೆಗಳಲ್ಲಿ ಅದು ಅಂಬಾಡಾ, ಮರಾಠಿಯವರಿಗೆ ಅಂಬಾಡಿ. ರಾಯಚೂರು 1956ರವರೆಗೆ ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ಜಿಲ್ಲೆ. ಮಕ್ತಲ್, ನಾರಾಯಣಪೇಟೆ, ಗದ್ವಾಲಗಳ ಜೊತೆ ಒಂದೇ ಆಡಳಿತದಲ್ಲಿದ್ದೆವು, ಒಂದೇ ಥರದ ಎರಿ ಮಣ್ಣು, ಒಂದೇ ಥರದ ರೊಟ್ಟಿ. ಭಾಷೆ ಎರಡಾದರೂ ತೆಲಂಗಾಣದವರ ಪಲ್ಯದ ಹೆಸರು ಪಕ್ಕದ ಹೊಲದವರದೇ ಆಯಿತು, ದೂರದ ತಮ್ಮ ಭಾಷೆಯವರದಾಗಲಿಲ್ಲ. ನಾವೂ ಅಷ್ಟೇ, ಶೇಂಗಾ ಎನ್ನುವಾಗ ಮರಾಠಿಯವರ ಜೊತೆ ಇದ್ದೇವೆ, ಬೆಂಗಳೂರಿನವರ ಜೊತೆ ಇಲ್ಲ. ಹೆಸರು ಬರೆದುಕೊಳ್ಳುವಾಗ ಭಾಷೆ ಬರೆದರೆ ಸಾಲದು, ಊರು ಬರೆ ಎನ್ನುವುದು ಅದಕ್ಕೇ.

ಹೊರಗಿನಿಂದ ಬಂದ ಗಿಡಗಳ ಹೆಸರು ಕೂಡಿಸುವುದಂತೂ ನನಗೆ ಬಹಳ ಇಷ್ಟ. ಕಾಲುವೆ ದಂಡೆ, ರಸ್ತೆ ಬದಿ, ಬೀಳು ಹೊಲ ಎಲ್ಲ ನುಂಗಿರುವ ಆ ಮುಳ್ಳಿನ ಗಿಡ ಇದೆಯಲ್ಲ, ಇದ್ದಿಲು ಸುಡುವವರಿಗೆ ಅನ್ನ ಕೊಡುತ್ತಿರುವುದು. ಹುಟ್ಟು ಮೆಕ್ಸಿಕೋ, ದಕ್ಷಿಣ ಅಮೆರಿಕದ ಕಡೆ. 19ನೇ ಶತಮಾನದಲ್ಲಿ ಬ್ರಿಟಿಷರ ಕಾಲದ ಅರಣ್ಯ ಇಲಾಖೆಯವರು ಒಣ ನೆಲಕ್ಕೆಂದು ತಂದು ಬಿತ್ತಿದರು. ನಾವು ಅದಕ್ಕೆ ಬಳ್ಳಾರಿ ಜಾಲಿ ಎಂದೆವು, ಏನಿದ್ದರೂ ಪಕ್ಕದ ಜಿಲ್ಲೆಯ ತಪ್ಪು. ತೆಲುಗರು ಸರ್ಕಾರು ತುಮ್ಮ ಎಂದರು, ತುಮ್ಮ ಎಂದರೆ ಜಾಲಿ, ತಪ್ಪು ಸರಕಾರದ್ದು. ಉರ್ದುವಿನವರು ವಿಲಾಯತಿ ಬಬೂಲ್ ಎಂದು ಹಡಗಿನವರ ಮೇಲೆ ಹಾಕಿದರು. ಗುಜರಾತಿನವರು ಯಾರ ಮೇಲೂ ಹಾಕದೆ ಗಾಂಡೊ ಬಾವಳ, ಹುಚ್ಚು ಜಾಲಿ ಎಂದರು. ನನ್ನ ಮಟ್ಟಿಗೆ ಅವರದೇ ನ್ಯಾಯವಾದ ಹೆಸರು. (ಅಂದ ಹಾಗೆ, ತುಮ್ಮ ಎಂಬುದನ್ನು ನಮ್ಮ ತುಂಬೆ ಹೂವು ಎಂದುಕೊಂಡೀಯೆ. ತುಂಬೆಗೆ ತೆಲುಗಿನಲ್ಲಿ ತುಮ್ಮಿ.) ಪಾರ್ಥೇನಿಯಮ್ಮಿನದೂ ಹೀಗೆಯೇ ಕಥೆ. 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿತು. ನಾವು ಕಾಂಗ್ರೆಸ್ ಗಿಡ ಎಂದು ರಾಜಕೀಯಕ್ಕೆ ಹಚ್ಚಿದೆವು, ಹಿಂದಿಯವರು ಎಲೆ ನೋಡಿ ಗಾಜರ್ ಘಾಸ್ ಎಂದರು, ತೆಲುಗರು ಗಾಳಿಗೆ ಅದು ತೊನೆಯುವುದನ್ನು ಕಂಡು ವಯ್ಯಾರಿ ಭಾಮ ಎಂದರು. ಮೈ ತುರಿಸಿ ಉಬ್ಬಸ ತರಿಸುವ ಕಳೆಗೆ ಒಯ್ಯಾರಿಯ ಹೆಸರಿಟ್ಟವನು ಯಾರೋ, ಅವನಿಗೆ ನಗಲು ಬರುತ್ತಿತ್ತು.

ಹಕ್ಕಿಯ ಹೆಸರು ಕೇಳುವಾಗ ಹೆಸರಿನ ಅರ್ಥ ಹಿಡಿದು ಹೊರಡಬೇಡ. ತಂತಿಯ ಮೇಲೆ ಕೂತಿರುವ ನೀಲಕಂಠ ಕರ್ನಾಟಕಕ್ಕೂ ತೆಲಂಗಾಣಕ್ಕೂ ರಾಜ್ಯಪಕ್ಷಿ. ಅದರ ಕಂಠ ನೀಲಿ ಅಲ್ಲ, ಕಂದು. ನೀಲಿ ಎದ್ದು ಕಾಣುವುದು ರೆಕ್ಕೆ ಬಿಚ್ಚಿದಾಗ. ತೆಲುಗಿನಲ್ಲಿ ಪಾಲಪಿಟ್ಟ, ಹಾಲುಹಕ್ಕಿ. ಹಾಲಿಗೂ ಅದಕ್ಕೂ ನೋಡಿದರೆ ಕಾಣುವಂಥ ಸಂಬಂಧವಿಲ್ಲ. ದಸರೆಯ ದಿನ ಅದನ್ನು ಕಂಡರೆ ಶುಭ ಎಂದು ತೆಲಂಗಾಣದ ಮಂದಿ ಹೊಲಕ್ಕೆ ಹೋಗುತ್ತಾರೆ. ಇನ್ನು ಎರೆಭೂತ. ಎರಿ ಹೊಲದಲ್ಲಿ ಸುಮಾರು ಒಂದು ಮೀಟರ್ ಎತ್ತರಕ್ಕೆ ನಿಲ್ಲುವ, ಹಾರಬಲ್ಲ ಹಕ್ಕಿಗಳಲ್ಲಿ ಬಹಳ ಭಾರದ ಹಕ್ಕಿ. ತೆಲುಗಿನಲ್ಲಿ ಬಟ್ಟಮೇಕ, ಮರಾಠಿಯಲ್ಲಿ ಮಾಳಢೋಕ, ರಾಜಸ್ಥಾನದಲ್ಲಿ ಗೋಡಾವಣ. ತುಂಗಭದ್ರೆ ದಾಟಿದರೆ ಸಿರುಗುಪ್ಪ, ಅಲ್ಲಿ ಬೆರಳೆಣಿಕೆಯಷ್ಟು ಕಂಡಿದ್ದವು. ಕರ್ನೂಲು ಕಡೆಯ ರೊಳ್ಳಪಾಡು ಅದಕ್ಕೆಂದೇ ಮೀಸಲಿಟ್ಟ ಜಾಗ. ಕ್ಯಾಂಪಿನಲ್ಲಿ ಮುಪ್ಪಿನ ತೆಲುಗು ರೈತರಿದ್ದರೆ ಬಟ್ಟಮೇಕ ಎಂಬ ಹೆಸರು ಎತ್ತಿ ನೋಡು. ಯಾವ ಹೊಲದಲ್ಲಿ, ಯಾವ ಬೆಳೆಯ ನಡುವೆ ಕಂಡಿದ್ದರು ಎಂಬುದು ಹೊರಬಂದರೆ ಅದನ್ನು ಬರೆದುಕೋ. ನಿಮ್ಮ ಮೇಷ್ಟ್ರಿಗೂ ಅದು ಸಿಗದ ಮಾಹಿತಿ.

ಹೆಸರು ಹುಡುಕುತ್ತ ಕೂಡಬಾರದ ಒಂದು ಸಂದರ್ಭವೂ ಇದೆ, ಹಾವು ಕಚ್ಚಿದಾಗ. ಕೊಳಕುಮಂಡಲವೋ, ತೆಲುಗರು ಹೇಳುವ ರಕ್ತಪಿಂಜರವೋ, ಕಟ್ಟಹಾವೋ ಕಟ್ಲಪಾಮೋ ಎಂದು ವಾದ ಹಾಕುತ್ತ ಜನ ಸೇರುತ್ತಾರೆ, ಯಾರೋ ಒಬ್ಬ ಕೋಲು ಹಿಡಿದು ಹಾವು ಹುಡುಕಲು ಹೋಗುತ್ತಾನೆ. ಬೇಡ. ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ನಮ್ಮ ಆಸ್ಪತ್ರೆಗಳಲ್ಲಿ ಇರುವುದು ಒಂದೇ ಔಷಧಿ. ಡಾಕ್ಟರು ಲಕ್ಷಣ ನೋಡಿ ಕೊಡುತ್ತಾರೆ. ಗಾಡಿ ಹತ್ತಿಸು, ಅಷ್ಟೇ.

ಲ್ಯಾಟಿನ್ ಹೆಸರುಗಳನ್ನು ಕಂಡು ನೀನು ಮೂಗು ಮುರಿಯುವುದನ್ನು ನೋಡಿದ್ದೇನೆ. ಹಾಗೆ ಮಾಡಬೇಡ, ಅದರಲ್ಲಿಯೂ ನಮ್ಮವರಿದ್ದಾರೆ. ಬೇವಿನ ಗಿಡಕ್ಕೆ ನಿಮ್ಮ ಪುಸ್ತಕದಲ್ಲಿ ಆಜಾಡಿರಾಕ್ಟಾ ಇಂಡಿಕಾ ಎಂದಿದೆ. ಬಾಯಿಗೆ ಬರುವುದಿಲ್ಲ ಎನ್ನುತ್ತೀ. ಪಾರಸಿಯಲ್ಲಿ ‘ಆಜಾದ್ ದರಖ್ತ್’ ಎಂದು ಹೇಳಿ ನೋಡು, ಅದೇ ಇದು. ಆಜಾದಿ ನಿನಗೆ ಗೊತ್ತು, ದರಖ್ತ್ ಎಂದರೆ ಮರ. ನಮ್ಮಪ್ಪನ ಕಾಲಕ್ಕೆ, 1948ರ ಮುಂಚೆ, ಇಲ್ಲಿಯ ಕಚೇರಿ ಶಾಲೆ ಎಲ್ಲ ಉರ್ದು. ಅವರಿಗೆ ಈ ಲ್ಯಾಟಿನ್ ಹೆಸರು ಕೇಳಿಸಿದ್ದರೆ ಅರ್ಧ ತಾವೇ ಬಿಡಿಸುತ್ತಿದ್ದರು. ಹುಣಸಿಗೆ ಟ್ಯಾಮರಿಂಡಸ್ ಎಂದಿದ್ದಾರೆ, ಅದು ಅರಬರ ತಮ್ರ್ ಹಿಂದಿ, ಹಿಂದೂಸ್ತಾನದ ಖರ್ಜೂರ. ಕಾರ್ಲ್ ಲಿನೇಯಸ್ 1753ರಲ್ಲಿ ಗಿಡಗಳಿಗೆ ಎರಡು ಪದದ ಹೆಸರಿನ ಪದ್ಧತಿ ಗಟ್ಟಿ ಮಾಡಿದ ಮೇಲೆ ಜಗತ್ತಿಗೆಲ್ಲ ಒಂದೇ ಹೆಸರು ಸಿಕ್ಕಿತು. ಅದರ ಬೆಲೆ ಗೊತ್ತಾಗುವುದು ನೆಲನೆಲ್ಲಿಯಂಥ ಗಿಡದ ಮುಂದೆ. ನಾವು ನೆಲನೆಲ್ಲಿ ಎನ್ನುತ್ತೇವೆ, ತೆಲುಗರು ನೇಲ ಉಸಿರಿ, ಹಿಂದಿಯವರು ಭೂಮಿ ಆಂವಲಾ ಎನ್ನುತ್ತಾರೆ. ಮೂರೂ ಒಂದೇ ಮಾತು, ಯಾರ ಕಣ್ಣಿಗೂ ಅದು ನೆಲ ಹಿಡಿದ ನೆಲ್ಲಿಯಾಗಿಯೇ ಕಂಡಿದೆ. ಆದರೆ ಆ ಒಂದು ಹೆಸರಿನ ಅಡಿಯಲ್ಲಿ ಫಿಲ್ಯಾಂಥಸ್ ಕುಲದ ಬೇರೆ ಬೇರೆ ಗಿಡಗಳು ನಿಂತಿವೆ. ಕಾಮಾಲೆಗೆ ಔಷಧಿ ಎಂದು ಯಾವುದನ್ನೋ ಕಿತ್ತು ಅರೆಯುವವರಿಗೆ ಇದು ಕಾಣುವುದಿಲ್ಲ. ಊರಿನ ಹೆಸರು ಬಳಕೆಗೆ, ಲ್ಯಾಟಿನ್ ಹೆಸರು ಗುರುತಿಗೆ. ನೀನು ಎರಡನ್ನೂ ಹೊತ್ತುಕೊಳ್ಳಬೇಕಾದವಳು.

ಈ ಕೆಲಸವನ್ನು ನಿನಗಿಂತ ಮುಂಚೆ ದೊಡ್ಡವರು ಮಾಡಿದ್ದಾರೆ. ಕೊಚ್ಚಿಯಲ್ಲಿದ್ದ ಡಚ್ಚರ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ ಹೊರ್ಟಸ್ ಮಲಬಾರಿಕಸ್ ಎಂಬ ಪುಸ್ತಕ ಮಾಡಿಸಿದ, 1678ರಿಂದ 1693ರವರೆಗೆ 12 ಸಂಪುಟ. ಚಿತ್ರದ ಪಕ್ಕದಲ್ಲಿ ಹಲವು ಲಿಪಿಗಳಲ್ಲಿ ಹೆಸರುಗಳಿವೆ. ಅದಕ್ಕಿಂತ ನನಗೆ ಹಿಡಿಸಿದ್ದು, ಹೆಸರು ಹೇಳಿಕೊಟ್ಟವರ ಹೆಸರೂ ಅದರಲ್ಲಿರುವುದು. ಈಳವರ ವೈದ್ಯ ಇಟ್ಟಿ ಅಚ್ಯುದನ್, ಕೊಂಕಣಿ ವೈದ್ಯರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ. ಮೂರು ನೂರು ವರ್ಷದ ಮೇಲೂ ಅವರ ಹೆಸರು ಅಳಿದಿಲ್ಲ. ನಿನ್ನ ನೋಟ್‌ಬುಕ್ಕಿನಲ್ಲಿಯೂ ಗಿಡದ ಹೆಸರಿನ ಕೆಳಗೆ ಹೇಳಿದವರ ಹೆಸರು ಇರಲಿ, ಅವರನ್ನು ಕೇಳಿಯೇ ಬರೆ. ಕನ್ನಡದ್ದು ಅನುಮಾನ ಬಂದರೆ ಕಿಟ್ಟೆಲರ ನಿಘಂಟು ತೆರೆ, 1894ರದ್ದು, ಹಲವು ಗಿಡಗಳಿಗೆ ಅವರು ಲ್ಯಾಟಿನ್ ಹೆಸರನ್ನೂ ಕೊಟ್ಟಿದ್ದಾರೆ. ಓದಿ ಸುಸ್ತಾದಾಗ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ತೆಗೆ. ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ಎಷ್ಟು ನಗಿಸಬಲ್ಲರು ಎಂಬುದು ಗೊತ್ತಾಗುತ್ತದೆ.

ಕಡೆಗೆ ಒಂದು ಕೆಲಸ ಕೊಡುತ್ತೇನೆ, ನನಗಾಗಿ. ಮಾನ್ವಿಯಿಂದ ಸಿಂಧನೂರು ದೂರವಲ್ಲ. ಅಲ್ಲಿ ಆರ್.ಎಚ್. ಕ್ಯಾಂಪುಗಳಿವೆ, ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಊರುಗಳು. ಅವರು ‘ರುಯಿ’ ಎಂದರೆ ರೋಹು ಮೀನು. ಉರ್ದುವಿನಲ್ಲಿ ರೂಯಿ ಎಂದರೆ ಅರಳೆ, ಮರಾಠಿಯಲ್ಲಿ ರುಯಿ ಎಂದರೆ ನಮ್ಮ ಎಕ್ಕಿ ಗಿಡ. ಇಷ್ಟು ತಿಳಿದುಕೊಂಡು ಹೋದರೆ ಅವರ ಅಡುಗೆಮನೆಯಲ್ಲಿ ಗಾಬರಿಯಾಗುವುದಿಲ್ಲ. ನಾವು ಒಣ ಬೇಸಾಯದವರು. ನಮ್ಮ ಹೊಲಕ್ಕೆ ನೀರು ಬಂದದ್ದು ತಡವಾಗಿ, ನೆಲ್ಲಿನ ಗದ್ದೆಯಲ್ಲಿ ಕಾಲುವೆಯಲ್ಲಿ ಹುಟ್ಟುವ ಎಷ್ಟೋ ಸೊಪ್ಪಿಗೆ ನಮ್ಮ ಬಾಯಲ್ಲಿ ಹೆಸರೇ ಇಲ್ಲ, ಎಲ್ಲದಕ್ಕೂ ಕಸ ಎನ್ನುತ್ತೇವೆ. ಅವರು ನೀರಿನ ನಾಡಿನವರು. ನೀರಿನ ಮೇಲೆ ಹಬ್ಬುವ, ಒಳಗೆ ಟೊಳ್ಳು ದಂಟಿನ ಒಂದು ಬಳ್ಳಿಯನ್ನು ಕಲ್ಮಿ ಎಂದು ಕರೆದು ಪಲ್ಯ ಮಾಡುತ್ತಾರೆ. ನಮ್ಮ ಕಾಲುವೆಯ ಅಂಚಿನಲ್ಲಿ ಬೆಳೆದಿರುವುದೂ ಅದೇ ಇರಬಹುದೇ ಎಂದು ನನಗೆ ಬಹಳ ದಿನದಿಂದ ಅನುಮಾನ. ಹೋಗುವಾಗ ಒಂದು ಹಿಡಿ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ಯಿ, ಅಲ್ಲಿಯ ಮುದುಕಿಯರಿಗೆ ತೋರಿಸು. ಆದರೆ ಅದರ ಪಕ್ಕದಲ್ಲೇ ಪೊದೆಯಾಗಿ ನೆಟ್ಟಗೆ ನಿಂತು, ತೆಳು ಗುಲಾಬಿ ಬಣ್ಣದ ಗಂಟೆಯಂಥ ಹೂ ಬಿಡುವ ಇನ್ನೊಂದಿದೆ. ಹಿಂದಿಯವರು ಅದಕ್ಕೆ ಬೇಶರಮ್ ಎನ್ನುತ್ತಾರೆ. ಹೂವು ಕಲ್ಮಿಯ ಹೂವಿನ ಹಾಗೆಯೇ, ಕುಲವೂ ಒಂದೇ. ಅದು ಆಡು ಕುರಿಗೆ ವಿಷ. ಎರಡನ್ನೂ ಒಯ್ಯಿ, ಬೇರೆ ಬೇರೆ ಕಟ್ಟಿನಲ್ಲಿ. ಅವರು ಯಾವುದಕ್ಕೆ ಏನೆಂದರು ಎಂಬುದನ್ನು ಬರೆದುಕೊಂಡು ಬಾ, ಕಲ್ಮಿಯೇ ಆಗಿದ್ದರೆ ಒಗ್ಗರಣೆಗೆ ಏನು ಹಾಕುತ್ತಾರೆ ಎಂಬುದನ್ನೂ.